ಎತ್ತುಸೇತುವೆ

ಬೂಟು ಸೊಸೆಯದು. ಅರ್ಧ ಅಳತೆ ದೊಡ್ಡದು.
ತುದಿಗೆ ಹತ್ತಿ ತುರುಕಿ, ದಾರ ಎರಡು ಸುತ್ತು ಬಿಗಿದು
ಬಾಗಿಲು ಸದ್ದಾಗದಂತೆ ಎಳೆದುಕೊಂಡೆ,
ಕಳ್ಳತನಕ್ಕೆ ಹೊರಟವಳ ಹಾಗೆ,
ಐವತ್ತೆಂಟನೆಯ ವಯಸ್ಸಿನಲ್ಲಿ.

ಮೊನ್ನೆ ಬಸ್ಸಿನ ಹಿಂದೆ ಓಡಿದ್ದೆ.
ಬಸ್ಸು ತಪ್ಪಿತು. ಕಾಲಿಗೆ ಮಾತ್ರ ಏನೋ ನೆನಪಾಗಿ
ರಾತ್ರಿಯೆಲ್ಲ ಹೊದಿಕೆಯೊಳಗೆ ಮಿಸುಕುತ್ತಿತ್ತು.
ಒದೆಯಬೇಡ, ಮಲಗು, ಎಂದ ಅರ್ಮಿಂದೊ.

ಮಾತೊಸಿನ್ಯುಶ್ ಇನ್ನೂ ಎದ್ದಿಲ್ಲ.
ಕಡಲಹಕ್ಕಿಗಳು ಎದ್ದಿವೆ,
ಅವಕ್ಕೆ ಯಾರ ಗುಟ್ಟೂ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ.

ಮೊದಲ ನೂರು ಹೆಜ್ಜೆ ನನ್ನವೇ.
ಆಮೇಲಿನವು ಯಾರದೋ.
ಸೊಂಟ ಒಂದು ಹೇಳಿದರೆ ಮೊಣಕಾಲು ಇನ್ನೊಂದು,
ಎದೆಯೊಳಗೆ ತೂತುಬಿದ್ದ ತಿದಿ.
ಮೀನಂಗಡಿಯ ಮೂಲೆಯಲ್ಲಿ ಪಕ್ಕೆ ಹಿಡಿದು ನಿಂತೆ.
ಬಿಚ್ಚದ ದಾರವನ್ನು ಬಗ್ಗಿ ಮತ್ತೆ ಕಟ್ಟಿದೆ,
ನೋಡಲು ಬೀದಿಯಲ್ಲಿ ಯಾರೂ ಇಲ್ಲದಿದ್ದರೂ.

ಸಾರ್ಡೀನು ಡಬ್ಬಿ ಕಾರ್ಖಾನೆಯ ತಂಡ ನಮ್ಮದು, ಏಳು ಹೆಂಗಸರು.
ಐದಕ್ಕೆ ಓಟ, ಏಳಕ್ಕೆ ಮೀನು.
ಕೂದಲಲ್ಲಿ ಎಣ್ಣೆಯ ವಾಸನೆ, ಬೆರಳ ಸಂದಿಯಲ್ಲಿ ಹುರುಪೆ.
ರೇಸಿನಲ್ಲಿ ಪೋರ್ತೊ ಪಟ್ಟಣದವರು ಮೂಗು ಮುಚ್ಚುತ್ತಿದ್ದರು.
ಮುಚ್ಚಿದ ಮೂಗಿನಲ್ಲಿ ಎಷ್ಟು ದೂರ ಓಡಿಯಾರು?

ಆಗ ಕಡಲದಾರಿಯಲ್ಲಿ ದೀಪಗಳಿರಲಿಲ್ಲ. ಹಿಂದಿನಿಂದ
ವಾಲ್ದೆಮಾರ್ ಮೇಷ್ಟ್ರ ಮೊಪೆಡ್ಡು.
ಅದರ ಬೆಳಕಿಗೆ ನಮ್ಮ ನೆರಳು ನಮಗಿಂತ ಮುಂದೆ,
ಉದ್ದುದ್ದ ಕಾಲಿನ ಏಳು ಹೆಂಗಸರು.
‘ಹಿಡಿಯೇ ಅವಳನ್ನ, ಫೆಲಿಜ್ಮಿನಾ,
ಆ ಮುಂದಿನವಳನ್ನ!’
ಎಂದೂ ಹಿಡಿಯಲಿಲ್ಲ.
ಮೇಷ್ಟ್ರು ಹೋಗಿ ಒಂಬತ್ತು ವರ್ಷ. ಮೊಪೆಡ್ಡು ಗುಜರಿಗೆ.

ಯಾಕೆ ಬಿಟ್ಟೆ ಅಂತ ಓತೀಲಿಯಾ ಈಗಲೂ ಕೇಳುತ್ತಾಳೆ.
ದೊಡ್ಡ ಕಾರಣವಿದ್ದಿದ್ದರೆ ಹೇಳಬಹುದಿತ್ತು.
ಒಂದು ಸೋಮವಾರ ಮಳೆ. ಬೂಟು ನೆನೆಯಿತು.
ಮಂಗಳವಾರ ಒಣಗಿರಲಿಲ್ಲ.
ಬುಧವಾರ ಮಗುವಿಗೆ ಕೆಮ್ಮು.
ಗುರುವಾರ, ಗುರುವಾರಕ್ಕೆ ಇಪ್ಪತ್ತಾರು ವರ್ಷ.

ಕಾರ್ಖಾನೆ ಈಗ ಜಿಮ್ಮು. ಗಾಜಿನ ಹಿಂದೆ
ನಾವು ಮೀನಿನ ತಲೆ ಕತ್ತರಿಸುತ್ತಿದ್ದ ಸಾಲಿನಲ್ಲೇ
ಮಂದಿ ನಿಂತಲ್ಲೇ ಓಡುತ್ತಾರೆ.
ಒಬ್ಬಳು ನನ್ನ ಕಡೆ ಕೈಬೀಸಿದಳು,
ಇಲ್ಲವೇ ಬೆವರು ಒರೆಸಿಕೊಂಡಳು.

ಲೆಸಾ ಸೇತುವೆಯ ಹತ್ತಿರ ಕೆಂಪು ದೀಪ, ಗಂಟೆ.
ಹಡಗು ಬರುತ್ತಿದೆ. ರಸ್ತೆ ನಿಧಾನಕ್ಕೆ ಎದ್ದು ನಿಂತಿತು.
ದೇವರೇ, ಎಂಥ ಒಳ್ಳೆಯ ಸೇತುವೆ!
ನಿಲ್ಲಿಸಿದ್ದು ಅದು, ನಾನಲ್ಲ.
ಮಂಡಿಗೆ ಕೈಯೂರಿ
ಹಡಗು ಇನ್ನಷ್ಟು ಉದ್ದವಿರಲಿ ಎಂದು ಬೇಡಿಕೊಂಡೆ.

ಹಿಂದೆ ಏನೋ ಬಂದು ಗುರುಗುಟ್ಟುತ್ತ ನಿಂತಿತು.
ಬ್ರೆಡ್ಡು ಹಂಚುವ ಹುಡುಗ. ಬಿಸಿ ವಾಸನೆ.
ಅವನ ಮೊಪೆಡ್ಡಿನ ದೀಪ ನನ್ನ ಬೆನ್ನಿಗೆ ಬಿತ್ತು.
ಎದುರಿಗೆ, ಎದ್ದು ನಿಂತ ರಸ್ತೆಯ ಮೇಲೆ,
ಮೂರಾಳೆತ್ತರ, ಮಂಡಿಗೆ ಕೈಯೂರಿ,
ಅವಳು.
ಮುಂದಿನವಳು.
ಅವಳಿಗೂ ಏದುಸಿರು.

ನಾನು ನೆಟ್ಟಗಾದೆ. ಅವಳೂ.

ಸೇತುವೆ ಇಳಿಯಿತು,
ನಿದ್ದೆ ಬಂದ ಮಗುವನ್ನು ಮಲಗಿಸುವಂತೆ
ಅವಳನ್ನು ನನ್ನ ಕಾಲಬುಡದಿಂದಾಚೆ ಮಲಗಿಸಿತು.
ಗಂಟೆ ನಿಂತಿತು. ಹುಡುಗ ಹಾರ್ನ್ ಒತ್ತಿದ:
‘ಅಜ್ಜೀ, ಪಕ್ಕಕ್ಕೆ!’

ಸರಿಯಲಿಲ್ಲ.
ಬ್ರೆಡ್ಡು ಆರಿದರೆ ಆರಲಿ, ಮರೀ.
ಆ ದಡದ ತನಕ ನಿನ್ನ ದೀಪ ನನ್ನದು.