ಮೊಳಿ ಸಾಲದ ರಾತ್ರಿ

ದಿಲ್ಲಿಯೊಳಗ ಅವರಿಬ್ಬರೂ ಮಾತು ಬಿಟ್ಟು
ಹತ್ತೊಂಬತ್ತು ದಿನ.
ಗದಗಿನ್ಯಾಗ ನನ್ನ ಛಾಪಖಾನಿಯೊಳಗ
ಹನ್ನೊಂದು ಮಂದಿ, ಒಂದು ಕಾಗದ, ಆರಿದ ಚಾ.

"ಆಗ್ರಹಿಸುತ್ತೇವೆ ಅಂತ ಬರೀರಿ" ಅಂದ್ರು ಹೊಂಬಳ ವಕೀಲರು.
"ಆಗ್ರಹ ಮಾಡಾಕ ನಾವ್ಯಾರು? ವಿನಂತಿ ಸಾಕು"
ಅಂದ, ಬೆಟಗೇರಿ ಮಗ್ಗದ ಚನ್ನವೀರಪ್ಪ.
ಹಮಾಲರ ಸಂಘದ ಮೌಲಾಸಾಬ ನಕ್ಕ:
"ವಿನಂತಿ ಹೊತ್ತು ಹೊತ್ತು ಬಾಗಿದ್ದು, ಈ ಬೆನ್ನು ನೋಡ್ರಿ."

ಮಿಶನ್ ದವಾಖಾನಿ ನರ್ಸ್ ಎಸ್ತೇರಮ್ಮ
ಪಾಳಿ ಮುಗಿಸಿ ಬಂದಾಕಿ, ಅರ್ಧ ನಿದ್ದಿಯೊಳಗ:
"ಬಡದಾಡಿಕೊಂಡು ಬಂದ ಇಬ್ಬರನ್ನೂ
ಒಂದ ವಾರ್ಡಿನ್ಯಾಗ ಮಲಗಸ್ತೀವಿ.
ತಪ್ಪು ಯಾರದು ಅನ್ನಂಗಿಲ್ಲ.
ನೀರು ಬೇಕೇನು, ಅಂತ ಕೇಳತೀವಿ."

ಯಾರೂ ಬರಕೊಳ್ಳಲಿಲ್ಲ.
ಮೊಳಿ ಒರಸ್ಕೋತ ನಾ ಅಂದೆ:
"ಕೇಳುತ್ತೇವೆ, ಅಂತ ಹಾಕಲೇನ್ರಿ?"
ವಕೀಲರ ಪೆನ್ನು ನಿಂತಿತು.
ಆ ಪದಕ್ಕ ಒಂದು ಬಾಯಿ,
ಒಂದು ಕಿವಿ.

ಒಂದೂವರಿಗೆ ಜೋಡಸಾಕ ಕುಂತರ
'ನಾ' ಅಕ್ಷರ ಸಾಲಲಿಲ್ಲ.
ಸಾಲಿಗೊಂದು 'ನಾವು' ಬರದಿದ್ರು.
ನಾಕು ಕಡೆ ತಗದೆ, ಯಾರನ್ನೂ ಕೇಳದ.
ಕ್ರಿಯಾಪದದ ಬಾಲದಾಗ
ನಾವು ಹ್ಯಾಂಗೂ ಇದ್ದೀವಿ.
ಪ್ರೂಫ್ ನೋಡಿ ವಕೀಲರು ಕನ್ನಡಕ ಏರಿಸಿದ್ರು,
ಏನೂ ಅನಲಿಲ್ಲ.

ಎರಡು ಪ್ರತಿ, ಎರಡು ಲಕೋಟಿ.
ಬೇಳಿ ತಕ್ಕಡಿಯೊಳಗ ತೂಗಿ ನೋಡಿದ ಮೌಲಾಸಾಬ:
"ನಾಳೆ ಯಾರೂ ಅನಬಾರದ್ರಿ."

ನಸುಕಿಗೆ ಅಂವ ಹುಬ್ಬಳ್ಳಿ ಗಾಡಿ ಹತ್ತಿದ.
ಓದತಾರೋ ಇಲ್ಲೋ.
ನಾ ಅಚ್ಚು ಬಿಚ್ಚಲಿಲ್ಲ,
ನೂಲು ಸುತ್ತಿ ಕಪಾಟಿನ್ಯಾಗ ಇಟ್ಟೆ.
ಮುಂಜಾನೆ ಒಂದು ಲಗ್ನಪತ್ರಿಕಿ ಬಂತು.
'ನಾ' ಇಲ್ಲ, ಸಂಜಿಗೆ ಬರ್ರಿ ಅಂದೆ.