ಶುಕ್ರವಾರ, ಉಮ್ಮುಲ್ ಕುವೈನ್

ಐದೂ ಮುಕ್ಕಾಲಿಗೆ ಹೇಳಿದ್ದೆ, ಬಂದದ್ದು ಆರೂ ಹತ್ತಕ್ಕೆ.
ಶಾರ್ಜಾದ ಟ್ರಾಫಿಕ್ಕು, ಎಂದ ಶರಣಪ್ಪ.
ಇಸ್ತ್ರಿಯ ಗೆರೆ ಇನ್ನೂ ಮುರಿಯದ ಅಂಗಿ.
ನನ್ನ ಲೆಕ್ಕದಲ್ಲಿ ಹದಿನೆಂಟು ನಿಮಿಷ ಬಿಸಿಲು.

ವಿಸಿಟ್ ವೀಸಾದಲ್ಲಿ ಬಂದು ಮೂರನೇ ದಿನ.
ಮಗುವಿಗೆ ಎರಡು ವರ್ಷ; ಅವನು ಎತ್ತಿಕೊಂಡರೆ
ಬಿಲ್ಲಿನಂತೆ ಹಿಂದಕ್ಕೆ ಬಾಗಿ ಅಳುತ್ತದೆ,
ತಾಯಿಯ ಕೈಯ ಫೋನು ತೋರಿಸಿ
'ಅಪ್ಪ ಅಲ್ಲಿ' ಅನ್ನುತ್ತದೆ.
ದಿನಾ ರಾತ್ರಿ ಅದರಾಗೇ ಬರ್ತಾರಲ್ರಿ, ನಕ್ಕಳು ಮಹಾನಂದಾ.
ಅವನೂ ನಕ್ಕ. ನಾನು ಒರೆಸಿದ ಲೆನ್ಸನ್ನೇ ಒರೆಸಿದೆ.

ಬಲೂನು, ಬಿಸ್ಕತ್ತು, ನನ್ನ ಕೋಳಿಕೂಗು
ಯಾವುದಕ್ಕೂ ಬಗ್ಗಲಿಲ್ಲ.
ಸೂರ್ಯ ನೀರಿಗೆ ಒಂದು ಗೇಣು.

ಹೋಗಿ ಅಲೆಯಂಚಿನಲ್ಲಿ ನಿಲ್ಲಿ, ಅಂದೆ ಅವನಿಗೆ,
ಏನೂ ಮಾಡಬೇಡಿ.
ದಿನವಿಡೀ ಕ್ರೇನಿನಲ್ಲಿ ಕೂರುವ ಮನುಷ್ಯ
ಕೈ ಎಲ್ಲಿಡಲಿ ಎಂದು ಅಲ್ಲಿಂದಲೇ ಕೂಗಿದ.
ಅಷ್ಟರಲ್ಲಿ ಅವನ ನೆರಳು
ಮರಳ ಮೇಲೆ ಉದ್ದಕ್ಕೂ ಬಂದು
ಮಗುವಿನ ಕಾಲ ಬಳಿ ತಲೆಯಿಟ್ಟಿತು.

ನೋಡಿತು. ತಲೆಯನ್ನು ಒಂದು ಕಾಲಲ್ಲಿ ತುಳಿಯಿತು.
ನೆರಳು ಏನೂ ಅನ್ನಲಿಲ್ಲ.
ಕುತ್ತಿಗೆ. ಎದೆ. ಎದೆಯ ಮೇಲೊಮ್ಮೆ ಕುಪ್ಪಳಿಸಿ
ಕೇಕೆ. ಸೊಂಟ, ಮೊಣಕಾಲು,
ನೆರಳು ಮುಗಿದಲ್ಲಿ ಎರಡು ಒದ್ದೆ ಪಾದ,
ಹಿಡಿಯಲು ಪ್ಯಾಂಟಿನ ಬಟ್ಟೆ.

ಎಷ್ಟು ಕ್ಲಿಕ್ಕಿಸಿದೆನೋ. ಒಂದರಲ್ಲೂ ಮುಖವಿಲ್ಲ.
ಮಗುವಿನ ಬೆನ್ನು, ಅದರಾಚೆ ಕಪ್ಪಗೆ
ಬಗ್ಗಲು ಹೆದರಿದ ಒಂದು ಕಂಬ.
ಎತ್ಗೊಳ್ಲೇನ್ರಿ? ಎಂದು ಪಿಸುಗುಟ್ಟಿದ,
ಹೆಂಡತಿಯನ್ನಲ್ಲ, ನನ್ನನ್ನು, ಫೋಟೋದವನನ್ನು.

ತಡೀರಿ, ಇನ್ನೂ ಸ್ವಲ್ಪ ಬೆಳಕಿದೆ, ಅಂದೆ.
ಇರಲಿಲ್ಲ.