ಆರನೆಯದರ ಬೀಗ

ಕುಂಬ್ಡಾಜೆಯ ಹಳೇ ಮನೆತೆರಿಗೆ ಪುಸ್ತಕ
ಎಂಟು ಪ್ರೋಸೆಸ್‌ಗಳಿಗೆ ಹಂಚಿ ಕೊಟ್ಟಿದ್ದೆ.
ಓದಲು ಬೇರೆಬೇರೆ ಪುಟ, ಬರೆಯಲು ಒಂದೇ ಫೈಲು.
ಚಾ ಕುಡಿದು ಬಂದು ನೋಡುತ್ತೇನೆ:

ಐತ್ತಬೀಫಾತಿಪ್ಪ, ಮನೆ ನಂಬ್ರ ಮುನ್ನೂ
ಮ್ಮ, ಗಂಡ ಮೊಯ್ದೀನ್ ರನಾಲ್ಕು

ನಕ್ಕೆ. ಐತ್ತಪ್ಪನೂ ಬೀಫಾತಿಮ್ಮನೂ
ಒಂದೇ ಬಾವಿಯ ನೀರು ಸೇದಿದವರಿರಬಹುದು,
ಆದರೆ ಒಬ್ಬರ ಹಗ್ಗ ಮೇಲೆ ಬರುವ ತನಕ
ಇನ್ನೊಬ್ಬರು ಕಟ್ಟೆಯಲ್ಲಿ ಕೂತಿದ್ದಾರು,
ತುಳುವಿನಲ್ಲೋ ಬ್ಯಾರಿಯಲ್ಲೋ ಬಿಸಿಲನ್ನು ಬೈದು.

ಅದಕ್ಕೇ ಬೀಗ ಇಟ್ಟೆ. ಬೀಗವೆಂದರೆ
ಒಂದು ಸಣ್ಣ ಫೈಲು, ಒಳಗೆ ಹಿಡಿದವನ ನಂಬ್ರ, ಅಷ್ಟೆ.
ಅದು ಇದ್ದರೆ ಕಾಯಿ. ಇಲ್ಲದಿದ್ದರೆ ನಿನ್ನದಿಟ್ಟು ಒಳಗೆ ಹೋಗು.
ನೋಡುವುದೂ ಇಡುವುದೂ ಒಂದೇ ಉಸಿರಿನಲ್ಲಿ ಆಗಬೇಕು;
ನಡುವೆ ರೆಪ್ಪೆ ಬಡಿದರೂ
ಇಬ್ಬರು ಇಟ್ಟಿರುತ್ತಾರೆ.

ಬೆಳಿಗ್ಗೆ ಬಂದರೆ ಏಳೂ ಕೂತಿವೆ.
ಆರನೆಯದು ಅರ್ಧ ಸಾಲಿನಲ್ಲಿ ಸತ್ತಿದೆ.
ಬೀಗ ಇನ್ನೂ ಅದರದ್ದೇ.

ರೆಕಾರ್ಡು ಕೋಣೆಯ ಕೀಲಿ ಕಿಸೆಯಲ್ಲಿಟ್ಟುಕೊಂಡೇ
ಕುಂಞಂಬು ಮಂಗಳೂರಿನ ಆಸ್ಪತ್ರೆ ಸೇರಿದ ವರ್ಷ
ನಾವೂ ಹೀಗೇ ಹತ್ತೊಂಬತ್ತು ದಿನ ಕೂತಿದ್ದೆವು.
ಸುತ್ತಿಗೆ ಇತ್ತು, ಜವಾನನೂ ಇದ್ದ.
ಒಡೆಯಲು ಯಾರಿಗೂ ಕೈ ಏಳಲಿಲ್ಲ.
ಒಡೆದ ಮೇಲೆ ಅವರು ಬಂದರೆ?

ಪಟ್ಟಿಯಲ್ಲಿ ಆರನೆಯದರ ನಂಬ್ರ ಹುಡುಕಿದೆ.
ಇಲ್ಲ.
ಇನ್ನೊಮ್ಮೆ ಹುಡುಕಿದೆ.
ಅಳಿಸಿದೆ.

ಏಳೂ ಒಮ್ಮೆಗೇ ಎದ್ದವು, ಒಂದು ಒಳಗೆ ಹೋಯಿತು.
ಅರ್ಧಕ್ಕೆ ನಿಂತ ಸಾಲಿನಲ್ಲಿ
ತನಿಯ, ಮುಳಿಹುಲ್ಲಿನ ಮಾಡು, ತೆರಿಗೆ ಎಂದಿದೆ.
ಎಷ್ಟೆಂದು ಇಲ್ಲ.
ಆ ಪುಟವನ್ನು ನಾನೇ ಬಿಡಿಸಿ ನೋಡಬೇಕು.